ಪಿಟೀಲು ಎಲ್ಲಿ ಹೋಯಿತು?

ಸಿಂಗಪುರ, ಭಾನುವಾರ. ವಿದ್ಯಾರ್ಥಿಗಳ ಬ್ರಾಸ್ ತಂಡ. ವೇದಿಕೆಯ ಎಡಕ್ಕೆ ನಾಲ್ವರು, ಬಲಕ್ಕೆ ನಾಲ್ವರು. ನುಡಿಸಿದ್ದು ವೆನಿಸ್‌ನ ಜೊವಾನ್ನಿ ಗೇಬ್ರಿಯೇಲಿ 1597ರಲ್ಲಿ ಅಚ್ಚು ಹಾಕಿಸಿದ ‘ಸೊನಾಟಾ ಪಿಯಾನ್ ಎ ಫೋರ್ಟೆ’. ಎಡದವರು ಮೆಲ್ಲಗೆ ಶುರುಮಾಡಿದರು, ಬಲದವರು ಉತ್ತರ ಕೊಟ್ಟರು. ಎಂಟೂ ಮಂದಿ ಕೂಡಿದಾಗ ಜೋರು. ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಎಂದು ಬರೆದಿಟ್ಟ ಮೊದಮೊದಲ ಕೃತಿಗಳಲ್ಲಿ ಇದೂ ಒಂದು.

*

ತೊಡಕು ಇಲ್ಲಿದೆ. ಆಗಿನ ಹೆಚ್ಚಿನ ರಚನೆಗಳಲ್ಲಿ ವಾದ್ಯದ ಹೆಸರೇ ಇಲ್ಲ. 1551ರಲ್ಲಿ ಆಂಟ್‌ವರ್ಪ್‌ನ ಸುಸಾಟೊ ಪ್ರಕಟಿಸಿದ ಕುಣಿತದ ಮಟ್ಟುಗಳನ್ನು ಯಾವ ವಾದ್ಯದಲ್ಲಾದರೂ ನುಡಿಸಬಹುದಿತ್ತು. ಗೇಬ್ರಿಯೇಲಿ ಹಾಗೆ ಬಿಡಲಿಲ್ಲ: ಒಂದು ಕಾರ್ನೆಟ್ಟೊ, ಒಂದು ಪಿಟೀಲು, ಆರು ಟ್ರಾಂಬೋನ್ ಎಂದು ಹೆಸರಿಟ್ಟೇ ಬರೆದ. ಅಷ್ಟು ಖಚಿತವಾಗಿ ಹೇಳಿದವನ ಮಾತನ್ನೇ ಮೀರುವುದೆ? ಇಲ್ಲಿ ಕಾರ್ನೆಟ್ಟೊ ಬದಲು ಟ್ರಂಪೆಟ್, ಪಿಟೀಲಿನ ಬದಲು ಹಾರ್ನ್.

*

ಕಾರ್ನೆಟ್ಟೊ ಹಿತ್ತಾಳೆಯದಲ್ಲ; ಚರ್ಮ ಹೊದಿಸಿದ ಮರದ್ದು, ಕೊಳಲಿನಂತೆ ಬೆರಳಿನ ತೂತುಗಳು, ಊದಲು ಪುಟ್ಟ ಬಟ್ಟಲು. ಟ್ರಂಪೆಟ್‌ಗೆ ವಾಲ್ವ್ ಬಂದದ್ದು 19ನೇ ಶತಮಾನದಲ್ಲಿ. ಟ್ರಾಂಬೋನ್ ಮಾತ್ರ ಅಂದಿನ ಜಾರುವ ಕೊಳವೆಯನ್ನು ಉಳಿಸಿಕೊಂಡಿದೆ, ಅದರ ಬಾಯಿ ಅಗಲವಾಗಿದೆ ಅಷ್ಟೆ. ಹಾಗಾದರೆ ಎಂಟರಲ್ಲಿ ಆರು ಹಳೆಯವೇ ಎಂದು ಸಮಾಧಾನಪಟ್ಟುಕೊಳ್ಳಲೆ?

*

ಇಷ್ಟು ಪುಟ್ಟ ದೇಶದಲ್ಲಿ ಇಷ್ಟೊಂದು ಟ್ರಾಂಬೋನ್ ಊದುವ ಮಕ್ಕಳು ಎಲ್ಲಿಂದ? 1965ರಲ್ಲಿ ಸ್ವತಂತ್ರವಾದಾಗ ಪ್ರಧಾನಿ ಲೀ ಕ್ವಾನ್ ಯೂ ಶಾಲೆಗಳಲ್ಲಿ ಬ್ಯಾಂಡ್ ಕಟ್ಟಿಸಲು ಹೊರಟರು. ಪರೇಡಿಗೂ ಬೇಕಿತ್ತು, ಶಿಸ್ತಿಗೂ ಬೇಕಿತ್ತು. ಕವಾಯತಿಗೆ ಕಲಿತ ಉಸಿರು ಈಗ ಗೇಬ್ರಿಯೇಲಿಯ ಸಂತ ಮಾರ್ಕನ ಚರ್ಚಿನ ಸಂಗೀತಕ್ಕೂ ಒದಗಿದೆ. ಇಲ್ಲಿ 2002ರಲ್ಲಿ ತೆರೆದ ಎಸ್ಪ್ಲನೇಡ್ ಸಭಾಂಗಣದಲ್ಲಿ ಚರ್ಚಿನ ಅನುರಣನವನ್ನೂ ಹುಟ್ಟಿಸಬಹುದು: ಸುತ್ತಲಿನ ಕೋಣೆಗಳ ಕಾಂಕ್ರೀಟ್ ಬಾಗಿಲು ತೆರೆದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ.

*

ವಾದ್ಯ ಬದಲಾಗುವುದು ನಮಗೂ ಹೊಸದಲ್ಲ. ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನಿಗೆ ಮನಸೋತ ಕದ್ರಿ ಗೋಪಾಲನಾಥ್ ಅದರಲ್ಲಿ ಕೀರ್ತನೆ ನುಡಿಸಿದಾಗ ನಾವು ತಲೆದೂಗಿದೆವು, ವೀಣೆ ಎಲ್ಲಿ ಎಂದು ಕೇಳಲಿಲ್ಲ. ಆದರೆ ಅವರು ಗಮಕವನ್ನು ಬಿಟ್ಟುಕೊಡಲಿಲ್ಲ; ಅದಕ್ಕಾಗಿ ವಾದ್ಯವನ್ನೇ ತಿದ್ದಿಕೊಂಡರು.

*

ಹಾಗೆ ನೋಡಿದರೆ ಗೇಬ್ರಿಯೇಲಿಯಲ್ಲಿ ಬಿಡಬಾರದ್ದು ಯಾವುದು? ಎರಡು ಗುಂಪಿನ ಬಣ್ಣ ಬೇರೆಯಾಗಿರುವುದು. ಎಡಕ್ಕೆ ಕಾರ್ನೆಟ್ಟೊದ ಮೊನಚು, ಬಲಕ್ಕೆ ತಗ್ಗಿನ ಸ್ಥಾಯಿಯ ಪಿಟೀಲು. ಹಾರ್ನ್ ಹಾಕಿದವರು ಇದನ್ನು ಅರಿತೇ ಹಾಕಿದ್ದಾರೆ: ಟ್ರಂಪೆಟ್ಟಿಗಿಂತ ತಗ್ಗು, ಮೃದು. ಎರಡೂ ಕಡೆ ಟ್ರಂಪೆಟ್ ಇಟ್ಟುಬಿಟ್ಟರೆ ಪ್ರಶ್ನೆಯೂ ಉತ್ತರವೂ ಒಬ್ಬನದೇ ದನಿಯಾಗುತ್ತದೆ. ಪಿಟೀಲು ಹೋದದ್ದಕ್ಕೆ ತಕರಾರಿಲ್ಲ. ಅದರ ಕೆಲಸ ಯಾರಿಗೆ ಕೊಟ್ಟರು ಎಂಬುದನ್ನು ಮಾತ್ರ ವಿಚಾರಿಸಬೇಕು.