ತೆಂಗಿನ ಹಿಂದಿನ ಬೆಟ್ಟ

2020ರ ಜನವರಿ. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಡಬ್ಬಿಯ ತಳದಲ್ಲಿತ್ತು. ಹಿಂದಿನ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ರಂಗನತಿಟ್ಟಿನ ದೋಣಿಗಳು ನಿಂತವು, ಶ್ರೀರಂಗಪಟ್ಟಣದ ತಗ್ಗಿಗೆ ನೀರು ನುಗ್ಗಿತು. ನಮ್ಮ ನಾಲ್ಕೈದು ಮಂದಿ ಹ್ಯಾಮ್ ರೇಡಿಯೊ ಹವ್ಯಾಸಿಗಳ ತಲೆಗೆ ಹುಳ ಹೊಕ್ಕಿದ್ದು ಆಗಲೇ. ಮೊಬೈಲ್ ಕೈಕೊಟ್ಟ ದಿನ ಮಾತಾಡಲು ನಮ್ಮ ವಾಕಿಟಾಕಿ ಸಾಕು. ಫೋಟೊ, ನಕ್ಷೆ, ಹೆಸರಿನ ಪಟ್ಟಿ ಕಳಿಸಬೇಕೆಂದರೆ ಏನು ಮಾಡೋದು? ನಾಲ್ಕು ತಾಲ್ಲೂಕಿಗೂ ಮೈಕ್ರೊವೇವ್ ಕೊಂಡಿ ಹಾಕೋದು ಅಂತ ತೀರ್ಮಾನವಾಯಿತು.

ನಕ್ಷೆ ಹರಡಿದರೆ ಮೇಲುಕೋಟೆಯೇ ನಡುಗಂಬ. ಅಲ್ಲಿಂದ ನೇರ ಗೆರೆ ಎಳೆದರೆ ಕೆ.ಆರ್. ಪೇಟೆ ಸುಮಾರು 17 ಕಿ.ಮೀ., ನಾಗಮಂಗಲ 21, ಶ್ರೀರಂಗಪಟ್ಟಣ 27. ಕೊನೆಯದನ್ನು ಪಾಂಡವಪುರದ ಕುಂತಿಬೆಟ್ಟದ ಮೇಲೆ ಒಂದು ಸಲ ಇಳಿಸಿ ಮುಂದಕ್ಕೆ ಸಾಗಿಸೋಣ ಎಂದುಕೊಂಡೆವು. ಹೊಸ ಬುದ್ಧಿಯೇನಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಲ್ಯಾಂಬ್ಟನ್ ಸಾಹೇಬ ಮರುವರ್ಷವೇ ಮೈಸೂರು ಸೀಮೆಯ ಅಳತೆಗೆ ಹೊರಟಿದ್ದ. ಅವನಿಗೂ ಬೇಕಾಗಿದ್ದು ಇಷ್ಟೇ: ಈ ಗುಡ್ಡದಿಂದ ಆ ಗುಡ್ಡ ಕಾಣಬೇಕು.

ಆದರೆ ನಮ್ಮ ಕೊಂಡಿಯ 5.8 ಗಿಗಾಹರ್ಟ್ಸ್ ಅಲೆಗೆ ಬರೀ ಕಂಡರೆ ಸಾಲದು. ಗೆರೆಯ ಸುತ್ತ ನಡು ದಪ್ಪ, ತುದಿ ಚೂಪಾದ ಸೌತೆಕಾಯಿಯಂಥ ಜಾಗವೊಂದಿದೆ, ಫ್ರೆನೆಲ್ ವಲಯ. 17 ಕಿ.ಮೀ. ದಾರಿಯ ಮಧ್ಯದಲ್ಲಿ ಅದು ಗೆರೆಯಿಂದ ಸುತ್ತಲೂ 15 ಮೀಟರ್ ಹರಡಿಕೊಂಡಿರುತ್ತದೆ. ಅದರಲ್ಲಿ ಮುಕ್ಕಾಲಲ್ಲದಿದ್ದರೂ ನೂರಕ್ಕೆ ಅರವತ್ತು ಪಾಲು ಖಾಲಿ ಇರಲೇಬೇಕು. ಜೊತೆಗೆ ಭೂಮಿಯ ಗುಂಡು ಬೆನ್ನು ನಾಲ್ಕು ಮೀಟರ್ ಮೇಲೇಳುತ್ತದೆ. ಇದೆಲ್ಲ ಲೆಕ್ಕ ಹಾಕಿದವನು ನಾನೇ. ಲ್ಯಾಪ್‌ಟಾಪಿನಲ್ಲಿ ಗೆರೆ ಎಲ್ಲೂ ತಾಕದೆ ಹಾದುಹೋಗಿತ್ತು; ಮೀಸೆ ತಿರುವಿದ್ದೂ ಉಂಟು.

ಒಂದು ಭಾನುವಾರ ಮಧ್ಯಾಹ್ನ ಕನ್ನಡಿ ಪರೀಕ್ಷೆ: ಬೆಟ್ಟದಿಂದ ಕನ್ನಡಿಯಲ್ಲಿ ಬಿಸಿಲು ಹೊಳೆಸಿದರೆ ಈ ತುದಿಗೆ ಕಾಣುತ್ತದೆಯೇ ಅಂತ. ಗೆಳೆಯನೊಬ್ಬ ಮೇಲುಕೋಟೆಯ ಯೋಗಾನರಸಿಂಹಸ್ವಾಮಿ ಬೆಟ್ಟ ಹತ್ತಿದ. ಒಂದು ಕೈಯಲ್ಲಿ ಗಡ್ಡ ಕೆರೆಯುವ ಕನ್ನಡಿ, ಇನ್ನೊಂದರಲ್ಲಿ ಕೋತಿ ಓಡಿಸುವ ಕೋಲು. ನಾನು ಕೆ.ಆರ್. ಪೇಟೆಯ ಹೊರಗೆ, ಪರಿಚಯದ ಹಿರಿಯರ ತೋಟದ ಮನೆಯ ತಾರಸಿ ಮೇಲೆ.

"ಬಿಡ್ತಾ ಇದೀನಿ. ಕಾಣ್ತಾ? ಓವರ್."

"ಇಲ್ಲ. ಇನ್ನೂ ಸ್ವಲ್ಪ ಎಡಕ್ಕೆ."

ಎಡವೂ ಆಯಿತು, ಬಲವೂ ಆಯಿತು. ಅವನ ದನಿಯೇನೋ ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. 145 ಮೆಗಾಹರ್ಟ್ಸ್‌ನ ಎರಡು ಮೀಟರ್ ಅಲೆ ಗಿಡಮರಕ್ಕೆ ಅಷ್ಟಾಗಿ ಅಂಜುವುದಿಲ್ಲ. ಬೆಳಕು ಮಾತ್ರ ಬರಲಿಲ್ಲ. ನೂರು ಮೀಟರ್ ಆಚೆ ತೆಂಗಿನ ಸಾಲು ಗರಿಗೆ ಗರಿ ಹೆಣೆದು ನಿಂತಿತ್ತು. ಐದು ಸೆಂಟಿಮೀಟರ್ ಅಲೆಯನ್ನು ಆ ಗರಿ ನುಂಗಿಹಾಕುತ್ತದೆ, ಮಳೆಯಲ್ಲಿ ನೆನೆದರಂತೂ ಕೇಳುವುದೇ ಬೇಡ.

ಯಜಮಾನರು ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. "ಬೆಟ್ಟ ಇಲ್ ಕೂತ್ಕಂಡ್ರೂ ಕಾಣ್ತಿತ್ತು ಕಣಪ್ಪ. ಮೊಮ್ಮಗಳು ಹುಟ್ಟಿದ ವರ್ಸ ಸಸಿ ಇಟ್ಟೊ. ಅವು ಕಾಯ್ ಬಿಟ್ವು, ಬೆಟ್ಟ ಮರೆಯಾತು."

"ಮೊಮ್ಮಗಳಿಗೆ ಈಗ ಎಷ್ಟು ವಯಸ್ಸು?"

"ಪಿಯುಸಿ."

ನನ್ನ ಲೆಕ್ಕದ ಎತ್ತರಗಳೆಲ್ಲ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ರಾಡಾರ್‌ನಿಂದ ಅಳೆದವು. ಅಳೆಯುವಾಗ ಈ ಸಸಿಗಳು ಹುಟ್ಟಿಯೇ ಇರಲಿಲ್ಲ. ಮರದ ಎತ್ತರ ಕೂಡಿಸಲು ತಂತ್ರಾಂಶದಲ್ಲಿ ಒಂದು ಖಾನೆ ಇತ್ತು. ಅದರಲ್ಲಿ ನಾನು ಸೊನ್ನೆ ಬಿಟ್ಟಿದ್ದೆ.

ನಮ್ಮ ಜೊತೆಗಿದ್ದ ಹುಡುಗ "ಎರಡು ಮರ ತೆಗೆದರೆ..." ಅಂತ ಶುರುಮಾಡಿದ. ಯಜಮಾನರು ಅವನನ್ನೊಮ್ಮೆ ನೋಡಿದರು, ಅಷ್ಟೇ. ಎಲೆ ಬಾಯಿಗಿಟ್ಟು, ಟವೆಲ್ ಕೊಡವಿ ಎದ್ದು, "ಬನ್ನಿ" ಎಂದು ಕೆರೆ ಏರಿಯ ಕಡೆ ನಡೆದರು.

ಏರಿ ಹತ್ತಿ ನಿಂತು ಅರೆ ನಿಮಿಷವಾಗಿಲ್ಲ, ಮೂಡಲ ದಿಕ್ಕಿನ ಬೂದುಬಣ್ಣದ ಬೆಟ್ಟದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಚುಚ್ಚಿತು. ಆರಿತು. ಮತ್ತೆ ಚುಚ್ಚಿತು. "ಕಂಡಿತು ಕಂಡಿತು!" ಎಂದು ಕಿರುಚಿದೆ, ಓವರ್ ಹೇಳುವುದೂ ಮರೆತು. ಏರಿಯ ಮೇಲೆ ಕರೆಂಟಿಲ್ಲ, ಕಂಬವಿಲ್ಲ. ಸೋಲಾರ್ ಫಲಕ, ಬ್ಯಾಟರಿ, ಅನುಮತಿ ಎಲ್ಲದರ ತಾಪತ್ರಯ ಆಮೇಲಿನದು.

ಯಜಮಾನರು ನನ್ನ ಕೈಯ ಸೆಟ್ಟನ್ನೇ ನೋಡುತ್ತಿದ್ದರು. "ಅವ್ನು ಅಲ್ಲೇ ಅವ್ನಾ ಇನ್ನೂ?"

"ಇದಾನೆ, ಯಜಮಾನ್ರೇ."

"ಪುಳಿಯೋಗರೆ ಕಟ್ಟಿಸ್ಕಂಡ್ ಬರೋಕ್ ಯೋಳು."

ಪರವಾನಗಿ ಇದ್ದದ್ದು ನನಗೆ, ಹಾಗಾಗಿ ನಾನೇ ಹೇಳಿದೆ. ಎಷ್ಟು ಪೊಟ್ಟಣ ಅಂತ ಬೆಟ್ಟದಿಂದ ತಿರುಗಿ ಕೇಳಿದ.