ಪ್ರಮಾಣಪತ್ರದ ಜಮಾಖರ್ಚು

ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುವುದೇ ತಡ, ನಮ್ಮ ಮುಂಬಯಿಯ ರೈಲು ನಿಲ್ದಾಣಗಳ ಗೋಡೆಗಳ ಮೇಲೆಯೂ ಲೋಕಲ್ ಗಾಡಿಗಳ ಡಬ್ಬಿಗಳಲ್ಲಿಯೂ ಒಂದು ಬಗೆಯ ಕರಪತ್ರಗಳು ಕಾಣಿಸಿಕೊಳ್ಳತೊಡಗುತ್ತವೆ. ಬಿಳಿಯ ಮೇಲಂಗಿ ತೊಟ್ಟು ಸೂಕ್ಷ್ಮದರ್ಶಕದ ಮೇಲೆ ಬಾಗಿದ ತರುಣಿಯೊಬ್ಬಳ ಚಿತ್ರ. ಅದರ ಕೆಳಗೆ, ಆರು ತಿಂಗಳಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿರಿ, ನೌಕರಿ ನಿಶ್ಚಿತ ಎಂಬ ಒಕ್ಕಣೆ. ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳು ಈ ಕಾಗದವನ್ನು ಹಿಡಿದುಕೊಂಡು ನನ್ನಲ್ಲಿಗೆ ಬರುವುದುಂಟು. ನಾನು ಕನ್ನಡವನ್ನು ಕಲಿಸುವವನು, ವೈದ್ಯಶಾಸ್ತ್ರವನ್ನು ಬಲ್ಲವನಲ್ಲ. ಆದರೂ ಕೂಡುವ ಕಳೆಯುವ ಲೆಕ್ಕ ಯಾರೊಬ್ಬರ ಸ್ವತ್ತೂ ಅಲ್ಲವಷ್ಟೆ. ಬಂದವರೊಡನೆ ಕುಳಿತು, ಬಲ್ಲವರನ್ನು ಕೇಳಿ, ನಾನೂ ಅಷ್ಟಿಷ್ಟು ತಿಳಿದುಕೊಂಡೆನು.

ಹಣದ ಮಾತಿಗೆ ಮೊದಲು ಕೆಲಸದ ಮಾತನ್ನಾಡಬೇಕು. ಸೂಜಿಯಿಂದ ರಕ್ತವನ್ನು ತೆಗೆದ ಮಾತ್ರಕ್ಕೆ ಈ ಕೆಲಸ ಮುಗಿಯುವುದಿಲ್ಲ, ಆಗ ತೊಡಗುತ್ತದೆ. ನೇರಿಳೆ ಮುಚ್ಚಳದ ನಳಿಕೆಯಲ್ಲಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಇ.ಡಿ.ಟಿ.ಎ. ಎಂಬ ದ್ರವ್ಯವಿರುತ್ತದೆ, ರಕ್ತಕಣಗಳನ್ನು ಎಣಿಸುವುದಕ್ಕೆ ಅದು ಬೇಕು. ಸಕ್ಕರೆಯ ಪರೀಕ್ಷೆಗೆ ಬೂದು ಮುಚ್ಚಳದ ನಳಿಕೆ. ಕಾರಣ ಬಹು ಸ್ವಾರಸ್ಯವಾಗಿದೆ. ದೇಹದಿಂದ ಹೊರಬಂದ ಮೇಲೆಯೂ ರಕ್ತದ ಕಣಗಳು ಬದುಕಿರುತ್ತವೆ. ಬದುಕಿರುವುದರಿಂದ ತಮ್ಮ ಸುತ್ತಲಿನ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಕೋಣೆಯ ಶಾಖದಲ್ಲಿ ಹಾಗೆಯೇ ಬಿಟ್ಟರೆ ಗಂಟೆಗೆ ಸುಮಾರು ನೂರಕ್ಕೆ ೫ರಿಂದ ೭ರಷ್ಟು ಸಕ್ಕರೆ ಇಳಿದುಹೋಗುವುದು. ಈ ಊಟಕ್ಕೆ ತಡೆಯೊಡ್ಡಲೆಂದೇ ಬೂದು ನಳಿಕೆಯಲ್ಲಿ ಫ್ಲೋರೈಡನ್ನು ಇಟ್ಟಿರುತ್ತಾರೆ. ನಳಿಕೆ ತಪ್ಪಿದರೆ ಮಧುಮೇಹದ ರೋಗಿಗೆ ಕಾಯಿಲೆಯೇ ಇಲ್ಲವೆಂದು ಕಾಗದ ಹೇಳೀತು!

ಈಗ ಕಣಗಳನ್ನು ಯಂತ್ರವೇ ಎಣಿಸುತ್ತದೆಯಲ್ಲ, ಮನುಷ್ಯನಿಗೇನು ಕೆಲಸ ಎಂದು ನೀವು ಕೇಳಬಹುದು. ಡೆಂಗಿ ಜ್ವರದ ಕಾಲದಲ್ಲಿ ಪ್ಲೇಟ್‌ಲೆಟ್ ಎಂಬ ಮಾತನ್ನು ನೀವೆಲ್ಲ ಮನೆಯಲ್ಲಿ ಕೇಳಿರುತ್ತೀರಿ. ಕೆಲವರ ರಕ್ತದಲ್ಲಿ, ನಾನು ಮೇಲೆ ಹೇಳಿದ ಇ.ಡಿ.ಟಿ.ಎ.ಯ ಸಂಗದಿಂದಲೇ ಈ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರವು ಆ ಗುಂಪುಗಳನ್ನು ಪ್ಲೇಟ್‌ಲೆಟ್‌ಗಳೆಂದು ಗುರುತಿಸಲಾರದೆ ಹೋಗಿ, ಅವು ತೀರ ಕಡಿಮೆಯಾಗಿವೆಯೆಂದು ತೋರಿಸುತ್ತದೆ. ಮನೆಯವರು ಕಂಗಾಲಾಗುತ್ತಾರೆ. ಆಗ ಗಾಜಿನ ಪಟ್ಟಿಯ ಮೇಲೆ ಒಂದು ಹನಿಯನ್ನು ಸವರಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಸಂಗತಿ ಹೀಗಿದೆ ಎಂದು ಕಂಡುಹಿಡಿಯುವುದು ಪಳಗಿದ ಕಣ್ಣು. ನಳಿಕೆಯನ್ನು ಯಂತ್ರದೊಳಗೆ ಇಡುವ ಕೈಗೆ ಸಿಗುವ ಸಂಬಳ ಒಂದು. ಯಂತ್ರವು ಸುಳ್ಳು ಹೇಳುವಾಗ ಅದನ್ನು ಹಿಡಿಯುವ ಕಣ್ಣಿಗೆ ಸಿಗುವುದು ಇನ್ನೊಂದು.

ಈಗ ಲೆಕ್ಕಕ್ಕೆ ಬರೋಣ. ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುವ, ಕುಂದಾಪುರದ ಕಡೆಯವರಾದ ಒಬ್ಬರು ಒಂದು ಭಾನುವಾರ ಪತ್ನಿಯೊಡನೆ ಬಂದರು. ಅವರ ಹಿರಿಯ ಮಗಳು ನನ್ನ ವಿದ್ಯಾರ್ಥಿನಿ, ಹದಿನಾರು ವರ್ಷ, ಹತ್ತನೆಯದರಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದಳು. ಕರಪತ್ರದ ಸಂಸ್ಥೆ ಕೇಳಿದ್ದು ೪೫,೦೦೦ ರೂಪಾಯಿ. ಅಂಚೆ ಕಚೇರಿಯಲ್ಲಿ ಅವರು ಕೂಡಿಟ್ಟದ್ದು ಅದಕ್ಕಿಂತ ಬಹಳ ಹೆಚ್ಚಿರಲಿಲ್ಲ.

“ಮಾಸ್ತರೇ, ಆರು ತಿಂಗಳಲ್ಲಿ ಸಂಬಳ ತರುತ್ತಾಳಂತೆ. ಹನ್ನೆರಡನೆಯದು, ಅದರ ಮೇಲೆ ಡಿಪ್ಲೊಮಾ ಎಂದರೆ ನಾಲ್ಕು ವರ್ಷ ನಾನೊಬ್ಬನೇ ದುಡಿಯಬೇಕು” ಎಂದರು.

ಅವರು ವಿಚಾರಿಸಿ ತಂದ ಅಂಕಿಗಳನ್ನೇ ನಾನು ಬರೆದುಕೊಂಡೆನು. ಅದೇ ಬಗೆಯ ಆರು ತಿಂಗಳ ಪ್ರಮಾಣಪತ್ರ ಪಡೆದ ನೆರೆಯ ಹುಡುಗನಿಗೆ, ರಕ್ತದ ಮಾದರಿಗಳನ್ನು ಸಂಗ್ರಹಿಸಿ ದೊಡ್ಡ ಲ್ಯಾಬಿಗೆ ಕಳುಹಿಸುವ ಅಂಗಡಿಯೊಂದರಲ್ಲಿ ತಿಂಗಳಿಗೆ ೯,೦೦೦. ಡಿಪ್ಲೊಮಾ ಮುಗಿಸಿ ಆಸ್ಪತ್ರೆ ಸೇರಿದ ಪರಿಚಯದ ಹುಡುಗಿಗೆ ಮೊದಲಲ್ಲಿಯೇ ೧೬,೦೦೦. ಡಿಪ್ಲೊಮಾದ ಶುಲ್ಕ ವರ್ಷಕ್ಕೆ ೫೦,೦೦೦ದಂತೆ ಎರಡು ವರ್ಷ, ನಾಲ್ಕೂ ವರ್ಷಗಳ ಪುಸ್ತಕ, ರೈಲಿನ ಪಾಸು, ಕಾಲೇಜಿನ ಚಿಲ್ಲರೆ ಖರ್ಚು ೩೫,೦೦೦, ಒಟ್ಟು ೧,೩೫,೦೦೦.

ನಾಲ್ಕು ವರ್ಷಗಳ ಅವಧಿಯಲ್ಲಿ ನೋಡಿದರೆ ಪ್ರಮಾಣಪತ್ರದವಳು ೪೨ ತಿಂಗಳು ದುಡಿದು ೩,೭೮,೦೦೦ ತರುವಳು. ಶುಲ್ಕ ಕಳೆದರೆ ೩,೩೩,೦೦೦ ಉಳಿಯುವುದು. ಡಿಪ್ಲೊಮಾದವಳು ತರುವುದಿರಲಿ, ೧,೩೫,೦೦೦ವನ್ನು ಕೈಯಿಂದ ಕಳೆದಿರುವಳು. ಕಾಗದವನ್ನು ನೋಡಿ ಆ ತಂದೆಯ ಮುಖ ಅರಳಿತು. ಲೆಕ್ಕ ಅವರ ಕಡೆಗೇ ಇತ್ತು.

ಅವರ ಅಣ್ಣನ ಮಗನೊಬ್ಬನು ಹತ್ತನೆಯದನ್ನು ಮುಗಿಸಿ ಔಷಧಿಯ ಅಂಗಡಿಯಲ್ಲಿ ನಿಂತಿದ್ದನು. ಅವನಿಗೆಷ್ಟು ಎಂದು ಕೇಳಿದೆನು. ಅವನಿಗೂ ೯,೦೦೦! ಕಾಗದದಲ್ಲಿ ಮೂರನೆಯದೊಂದು ಅಂಕಣವನ್ನು ಎಳೆದೆನು. ಯಾವ ಪತ್ರವೂ ಇಲ್ಲದೆ ೪೮ ತಿಂಗಳು ದುಡಿದರೆ ೪,೩೨,೦೦೦. ಅಂದ ಮೇಲೆ ಆರು ತಿಂಗಳ ಪ್ರಮಾಣಪತ್ರವನ್ನು ಕೊಂಡವಳು ಏನನ್ನೂ ಕೊಳ್ಳದವನಿಗಿಂತ ೯೯,೦೦೦ ರೂಪಾಯಿ ಹಿಂದೆ ಬೀಳುವಳು. ಒಂದು ವಿದ್ಯೆಯ ಬೆಲೆಯನ್ನು ಅದು ತರುವ ಸಂಬಳದಿಂದ ಅಳೆಯುವುದು ರೂಢಿ. ಅದಿಲ್ಲದೆಯೂ ಬರುತ್ತಿದ್ದ ಸಂಬಳವನ್ನು ಕಳೆಯುವುದನ್ನು ಕರಪತ್ರಗಳು ನಮಗೆ ಹೇಳಿಕೊಡುವುದಿಲ್ಲ.

ಡಿಪ್ಲೊಮಾಕ್ಕೂ ಅದೇ ತಕ್ಕಡಿಯನ್ನು ಹಿಡಿಯಬೇಡವೆ? ಬಾರದೆ ಹೋದ ೪,೩೨,೦೦೦ಕ್ಕೆ ಖರ್ಚಿನ ೧,೩೫,೦೦೦ವನ್ನು ಸೇರಿಸಿದರೆ ೫,೬೭,೦೦೦. ಆಮೇಲೆ ತಿಂಗಳಿಗೆ ಹೆಚ್ಚಾಗಿ ಬರುವುದು ೭,೦೦೦. ಭಾಗಿಸಿದರೆ ೮೧ ತಿಂಗಳು. ಆರು ವರ್ಷ ಒಂಬತ್ತು ತಿಂಗಳು. ಇದು ಅಲ್ಪಕಾಲವಲ್ಲ. ತಂದೆಯವರು ಬೆರಳೆಣಿಸಿ, “ಅಷ್ಟು ಹೊತ್ತಿಗೆ ಅವಳಿಗೆ ಇಪ್ಪತ್ತೇಳು ಆಗುತ್ತ ಬಂದಿರುತ್ತದೆ. ಆಗ ಅವಳು ಯಾರ ಮನೆಯಲ್ಲಿರುತ್ತಾಳೋ ಏನೋ” ಎಂದರು. ನನ್ನ ಲೆಕ್ಕದಲ್ಲಿ ಇದಕ್ಕೆ ಅಂಕಣವಿರಲಿಲ್ಲ. ಅದುವರೆಗೆ ಸುಮ್ಮನಿದ್ದ ತಾಯಿ, “ಯಾರ ಮನೆಯಲ್ಲಿದ್ದರೂ ಕೆಲಸ ಅವಳ ಕೈಯಲ್ಲಿಯೇ ಇರುತ್ತದಲ್ಲ” ಎಂದರು. ಗಂಡಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಿದರು. ನಾನು ಚಹಾ ತರಿಸಿದೆನು.

ಕಾನೂನಿನ ಮಾತೂ ಒಂದಿದೆ. ೨೦೨೧ರಲ್ಲಿ ನಮ್ಮ ಸಂಸತ್ತು ವೈದ್ಯರಿಗೆ ಸಹಾಯಕವಾದ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವೊಂದನ್ನು ಏರ್ಪಡಿಸುವ ಶಾಸನವನ್ನು ಮಾಡಿತು. ಪ್ರಯೋಗಶಾಲೆಯ ಕೆಲಸವೂ ಅದರಲ್ಲಿ ಸೇರಿದೆ. ಅದರ ವ್ಯಾಖ್ಯೆಯಂತೆ ಇಂಥ ವೃತ್ತಿಯವರ ಡಿಪ್ಲೊಮಾ ಅಥವಾ ಪದವಿಯ ಶಿಕ್ಷಣ ೨,೦೦೦ ಗಂಟೆಗಳಿಗೆ ಕಡಿಮೆಯಿಲ್ಲದೆ, ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. ಆರು ತಿಂಗಳಿಗೆ ಅಲ್ಲಿ ಸ್ಥಾನವೆಲ್ಲಿ? ಮುಂದೆ ತಾನೇ ಲ್ಯಾಬು ತೆರೆಯಬಹುದೆಂಬ ಆಸೆಯನ್ನೂ ಕೆಲವು ಕರಪತ್ರಗಳು ತೋರಿಸುತ್ತವೆ. ಆದರೆ ಪರೀಕ್ಷೆಯ ವರದಿಗೆ ರೋಗಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ, ನೋಂದಣಿಯಾದ ವೈದ್ಯನ ಸಹಿಯೇ ಆಗಬೇಕೆಂದು ೨೦೧೭ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಡಿಪ್ಲೊಮಾದವರಿಗೂ ಇದು ಅನ್ವಯಿಸುವ ಮಾತು. ಅಂಗಡಿಯ ಆದಾಯವನ್ನು ಲೆಕ್ಕದಲ್ಲಿ ಹಿಡಿಯುವವರು ವೈದ್ಯನಿಗೆ ಕೊಡಬೇಕಾದುದನ್ನೂ ಹಿಡಿಯಬೇಕು.

ಕನ್ನಡ ಶಾಲೆಯ ಮಕ್ಕಳಿಗೆ ಇನ್ನೊಂದು ಖರ್ಚಿದೆ, ಅದು ರೂಪಾಯಿಯದಲ್ಲ. ಹನ್ನೊಂದನೆಯ ತರಗತಿಯ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ನಾನೂ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಈ ಊರಿಗೆ ಬಂದವನು. ಮೊದಲ ತಿಂಗಳುಗಳಲ್ಲಿ ತಿಳಿದ ಸಂಗತಿಯೇ ತಿಳಿಯದುದರಂತೆ ತೋರುವ ಆ ಸಂಕಟವನ್ನು ಬಲ್ಲೆನು. ಆದರೆ ಕೆಂಪು ರಕ್ತಕಣ ಆಮ್ಲಜನಕವನ್ನು ಹೊರುತ್ತದೆಂದು ನಮ್ಮ ಪಾಠದಲ್ಲಿ ಓದಿದವನಿಗೆ ಕಣವೂ ಗೊತ್ತು, ಅದರ ಕೆಲಸವೂ ಗೊತ್ತು. ಕಲಿಯಬೇಕಾದುದು ಇನ್ನೊಂದು ಹೆಸರು ಮಾತ್ರ. ಹುಡುಗಿಗೆ ಎರಡು ಅಂಕಣಗಳ ಒಂದು ಪುಸ್ತಕವನ್ನು ಕೊಟ್ಟೆನು, ಎಡಕ್ಕೆ ನಮ್ಮ ಮಾತು, ಬಲಕ್ಕೆ ಅವರದು. ದೀಪಾವಳಿಯ ರಜೆಯಲ್ಲಿ ತೋರಿಸಲು ತಂದಾಗ ನಲವತ್ತು ಪುಟ ತುಂಬಿತ್ತು. ಕೆಲವು ಪದಗಳ ಉಚ್ಚಾರವನ್ನು ನಾನೇ ಅವಳಿಂದ ಕಲಿತೆನು.

ಅವಳೀಗ ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗದಲ್ಲಿದ್ದಾಳೆ. ಅಂಚೆ ಕಚೇರಿಯ ಹಣ ಅಲ್ಲಿಯೇ ಇದೆ. ಡಿಪ್ಲೊಮಾದ ಮೊದಲನೆಯ ವರ್ಷಕ್ಕೆ ಸಾಕಾದೀತು, ಎರಡನೆಯದಕ್ಕೆ ದಾರಿ ಇನ್ನೂ ಕಂಡಿಲ್ಲ. ರಜೆಯ ದಿನಗಳಲ್ಲಿ ತಂದೆಯವರು ಕಾಲೇಜುಗಳ ಬಾಗಿಲಿಗೆ ಹೋಗಿ ವಿಚಾರಿಸುತ್ತಿದ್ದಾರೆ. ನಿಮ್ಮ ಹುಡುಗರು ಯಾವ ಆಸ್ಪತ್ರೆಯಲ್ಲಿ ಅಭ್ಯಾಸ ಮಾಡುತ್ತಾರೆ, ಎಷ್ಟು ತಿಂಗಳು, ನಿಮ್ಮ ಪರೀಕ್ಷೆಯನ್ನು ನಡೆಸುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡಿದ್ದಾರೆ. ಒಂದು ಕಡೆ ಮೂರಕ್ಕೂ ಉತ್ತರ ಸಿಕ್ಕಿತಂತೆ. ಇನ್ನೊಂದು ಕಡೆ ಅವರಿಗೆ ಕುರ್ಚಿ ಕೊಟ್ಟು, ತಂಪು ಪಾನೀಯ ಕೊಟ್ಟು, ಶುಲ್ಕವನ್ನು ಕಂತುಗಳಲ್ಲಿ ಕೊಡಬಹುದೆಂದು ಮಾತ್ರ ಹೇಳಿದರಂತೆ.