ಸೊನ್ನೆಗೆ ಮರಳುವ ಗಡಿಯಾರ

ಜಪಾನಿನ ಹಿರೋಷಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ತುಕ್ಕು ಹಿಡಿದ ಪುಟ್ಟ ಮೂರು ಚಕ್ರದ ಸೈಕಲ್ಲೊಂದಿದೆ. 1945ರ ಆಗಸ್ಟ್ 6ರಂದು ಅದರ ಮೇಲೆ ಆಡುತ್ತಿದ್ದ ಶಿನ್ ಎಂಬ ಮಗುವಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ತೀರಿಕೊಂಡ ಮಗನ ಜೊತೆ ತಂದೆ ಅದನ್ನೂ ಹಿತ್ತಿಲಲ್ಲಿ ಹೂತರು. 1985ರಲ್ಲಿ ಅಗೆದು ತೆಗೆದು ಸಂಗ್ರಹಾಲಯಕ್ಕೆ ಕೊಟ್ಟರು. ಆ ಬಾಂಬಿನಲ್ಲಿ ಶಕ್ತಿಯಾಗಿ ಮಾರ್ಪಟ್ಟ ದ್ರವ್ಯರಾಶಿ ಒಂದು ಗ್ರಾಮಿಗೂ ಕಡಿಮೆ! ಕರಿಹಲಗೆಯ ಮೇಲೆ ಈ ಲೆಕ್ಕ ಬಿಡಿಸುವುದು ಸುಲಭ. ಸೈಕಲ್ಲಿನ ಮುಂದೆ ನಿಂತ ಮಕ್ಕಳಿಗೆ ಏನೆಂದು ಹೇಳುವುದು?

ಸಂಗ್ರಹಾಲಯದವರು 2001ರಲ್ಲಿ ಅಲ್ಲೇ ಒಂದು ಗಡಿಯಾರ ಇಟ್ಟಿದ್ದಾರೆ. ಕೊನೆಯ ಅಣ್ವಸ್ತ್ರ ಪರೀಕ್ಷೆ ನಡೆದು ಎಷ್ಟು ದಿನಗಳಾದವೆಂದು ಅದು ತೋರಿಸುತ್ತದೆ. ಭಾಷಣಗಳಿಗಿಂತ ನನಗೆ ಇದೇ ಮೇಲೆನಿಸಿತು. ಅಂಕಿ ಓದಬಲ್ಲ ಮಗುವಿಗೂ ಅರ್ಥವಾದೀತು. ಯಾವ ದೇಶವೇ ಪರೀಕ್ಷೆ ನಡೆಸಲಿ, ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಅಣುಸ್ಫೋಟವಾಗದಂಥ ಪರೀಕ್ಷೆಗೂ ರಿಯಾಯಿತಿಯಿಲ್ಲ.